ತಂತಿ ಕತ್ತರಿಸಿದ ಫೋನು

ಆಗ ನನಗೆ ಎಪ್ಪತ್ತೊಂದು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ನಾನು ದೆವ್ವಕ್ಕೆ ಹೆದರಿದವಳಲ್ಲ. ಅದು ಧೈರ್ಯವಲ್ಲ, ರೂಢಿ. ವಿಜಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಗೋರಿ ಎಂದರೆ ಹಿತ್ತಲಿದ್ದ ಹಾಗೆ. ಯಾವ ಕಡೆ ಮುಖ ಮಾಡಿ ನಿಂತರೂ ಒಬ್ಬ ಸುಲ್ತಾನನೋ ಅವನ ಹೆಂಡತಿಯೋ ಅಲ್ಲಿ ಮಲಗಿರುತ್ತಾರೆ. ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರು ಶಾವಿಗೆ ಹೊಸೆದು ಗೋರಿಯ ಕಟ್ಟೆಯ ಮೇಲೆಯೇ ಒಣಹಾಕುತ್ತಿದ್ದೆವು, ಕಲ್ಲು ಚೆನ್ನಾಗಿ ಕಾಯುತ್ತಿತ್ತು. ಒಳಗಿನವರು ಯಾರೂ ಎದ್ದು ಬಂದು ಒಂದು ಎಳೆ ಶಾವಿಗೆ ಕೇಳಲಿಲ್ಲ. ಸತ್ತವರಷ್ಟು ತಂಟೆ ಮಾಡದ ನೆರೆಯವರು ಇಲ್ಲ ಎಂಬುದು ನನ್ನ ಅನುಭವವಾಗಿತ್ತು. ಬದುಕಿದ್ದವರ ತಂಟೆಯೂ ನನಗೆ ಗೊತ್ತು, ಯಾಕೆಂದರೆ ನಾನು ಖಾನಾವಳಿ ನಡೆಸಿದವಳು. ಗಂಡ ತೀರಿಕೊಂಡ ದಿನವೂ ಇಬ್ಬರು ಬಂದು ಹಿಂದಿನ ದಿನದ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು ಎಂದು ಹೇಳಿ, ಆಮೇಲೆ ಸಮಾಧಾನ ಹೇಳಿದ್ದರು.

ನಾನು ಕಲಿತದ್ದು ಮೂರನೇ ಇಯತ್ತೆ. ಇದನ್ನು ನಾನೇ ಬರೆಯುತ್ತಿದ್ದೇನೆ, ಕಾಗುಣಿತ ತಪ್ಪಿದ ಕಡೆ ನೀವೇ ತಿದ್ದಿಕೊಳ್ಳಿ. ಮಗಳು ಶೋಭಾ ಈ ಪರದೇಶದಲ್ಲಿ, ಬೆಲ್ವ್ಯೂ ಕಡೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಬೇರೆಯವರ ರಕ್ತ ನೋಡುವ ಕೆಲಸ ಮಾಡುತ್ತಾಳೆ. ನಾವಿರುವುದು ಇಸ್ಸಾಕ್ವಾದ ಗುಡ್ಡದ ಮೇಲೆ. ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದ ಕರ್ಚೀಕಾಯಿಯ ಹಾಗೆ ಸಾಲಾಗಿ ಮನೆಗಳು. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತಾನೇ ಎದ್ದು ಒಂದು ಕಾರನ್ನು ಉಗುಳುತ್ತದೆ, ಸಂಜೆ ತಾನೇ ಎದ್ದು ನುಂಗುತ್ತದೆ. ನಡುವೆ ಮನುಷ್ಯರ ಸುಳಿವಿಲ್ಲ. ಚಳಿಗಾಲದಲ್ಲಿ ಗುಡ್ಡದಿಂದ ಮಂಜು ಇಳಿದರೆ ಎದುರು ಮನೆಯೂ ಇಲ್ಲ, ನಮ್ಮ ಮೆಟ್ಟಿಲೂ ಇಲ್ಲ. ವಿಜಾಪುರದ ಗೋರಿಗಳ ನಡುವೆಯೂ ಇಷ್ಟು ಸದ್ದಿಲ್ಲದ ಜಾಗ ನಾನು ಕಂಡಿರಲಿಲ್ಲ. ಅಲ್ಲಿ ಕನಿಷ್ಠ ಆಡುಗಳಾದರೂ ಇದ್ದವು.

ಪಕ್ಕದ ಮನೆಯ ಸಾದಿಯಾ ಪಾಕಿಸ್ತಾನದವಳು, ಕಣ್ಣಿನ ಡಾಕ್ಟರು. ಒಂದು ದಿನ ಬಂದು, ಹಗಲು ಹೊತ್ತು ನಮ್ಮ ಅಬ್ಬುವಿನ ಜೊತೆ ಕೂತಿರಲು ಆಗುತ್ತದೆಯೇ ಎಂದು ಕೇಳಿದಳು. ಅಬ್ಬು ಎಂದರೆ ಅವಳ ಅಪ್ಪ, ಮುನೀರ್ ಸಾಹೇಬರು. ನನ್ನನ್ನು ಅವಳು ಖಾಲಾ ಎನ್ನುತ್ತಾಳೆ, ಚಿಕ್ಕಮ್ಮ ಅಂತ. ಶೋಭಾಗೆ ಆಶ್ಚರ್ಯ, ಅವರೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತಿ ಎಂದು. ವಿಜಾಪುರದ ಓಣಿಯಲ್ಲಿ ಉರ್ದು ಮಾತಾಡುವ ಬಳೆಗಾರರ ಮನೆಯ ಗೋಡೆಗೆ ಗೋಡೆ ತಾಗಿಸಿ ಬೆಳೆದವಳಿಗೆ ಅದೊಂದು ಪ್ರಶ್ನೆಯೇ ಅಲ್ಲ. ಹೌದು ಬೇಡ ಎನ್ನುವುದಕ್ಕೆ ಹೌ, ನಕ್ಕೋ ಎನ್ನುವ ನನ್ನ ಉರ್ದು ಕೇಳಿ ಸಾಹೇಬರು ಮೊದಲ ದಿನ ಕಣ್ಣು ಮುಚ್ಚಿಕೊಂಡರು. ನಾನು ಬರೆದದ್ದಕ್ಕೆ ಜೈಲಿಗೆ ಹೋದೆ, ನೀವು ನಮ್ಮಲ್ಲಿಗೆ ಬಂದರೆ ಬಾಯಿ ತೆರೆದದ್ದಕ್ಕೇ ಹೋಗುತ್ತೀರಿ ಎಂದರು. ಅಲ್ಲಿಂದ ನಮಗೆ ಸ್ನೇಹವಾಯಿತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತೇನೆ.

ಸಾಹೇಬರು ಮೊದಲಿಗೆ ಪತ್ರಿಕೆಯ ವರದಿಗಾರರು. ಯಾವನೋ ಮಂತ್ರಿಯ ಬಗ್ಗೆ ಏನೋ ಬರೆದರು, ಒಳಗೆ ಹಾಕಿದರು. ಹೊರಗೆ ಬಂದು ಅದೇ ಪತ್ರಿಕೆಗೆ ಸಂಪಾದಕರಾದರು. ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡರು. ಅವರ ಕಡೆಯವರು ಸರ್ಕಾರ ಮಾಡಿದಾಗ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರಾದರು. ನೀವು ಬ್ಯಾಟು ಹಿಡಿದಿದ್ದಿರಾ ಎಂದು ಕೇಳಿದೆ. ಹಿಡಿದಿದ್ದರೆ ನನ್ನನ್ನು ಯಾರು ಅಲ್ಲಿ ಕೂರಿಸುತ್ತಿದ್ದರು ಎಂದರು. ಸರ್ಕಾರ ಬಿದ್ದರೆ ಆ ಕುರ್ಚಿಯೂ ಬೀಳುತ್ತದಂತೆ. ತಾವು ಕುರ್ಚಿ ಕಳೆದುಕೊಂಡದ್ದು ಅವರಿಗೆ ಗೊತ್ತಾದದ್ದು ಟಿವಿಯ ಕೆಳಗೆ ಓಡುವ ಪಟ್ಟಿಯಿಂದ, ಅದೇ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದಾಗ. ಆ ಚಹಾ ಪೂರ್ತಿ ಕುಡಿದೇ ಎದ್ದೆ ಎಂದು ಹೇಳುವಾಗ ಅವರ ಬೆನ್ನು ಈಗಲೂ ನೆಟ್ಟಗಾಗುತ್ತದೆ. ಗಂಡಸರು ಏನೇನಕ್ಕೋ ಹೆಮ್ಮೆ ಪಡುತ್ತಾರೆ. ನಾನು ಬೇಡ ಅನ್ನುವುದಿಲ್ಲ, ಅವರ ಹೊತ್ತು ಹೋಗಬೇಕಲ್ಲ.

ಅವರ ಕುರ್ಚಿಯ ಪಕ್ಕದ ಮೇಜಿನ ಮೇಲೆ ಒಂದು ಕರಿ ಫೋನು. ಹಳೇ ಕಾಲದ್ದು, ಬೆರಳು ಹಾಕಿ ತಿರುಗಿಸುವಂಥದು, ಎತ್ತಿದರೆ ಒಳ್ಳು ಕಲ್ಲಿನ ಭಾರ. ಪತ್ರಿಕೆಯ ಕಚೇರಿ ಬಿಡುವಾಗ ಅದರ ತಂತಿ ಕತ್ತರಿಸಿ, ಪೈಜಾಮದಲ್ಲಿ ಸುತ್ತಿ ಇಲ್ಲಿಯವರೆಗೆ ತಂದಿದ್ದರು. ಕತ್ತರಿಸಿದ ತಂತಿ ಮೇಜಿನ ಕೆಳಗೆ ಇಲಿಯ ಬಾಲದ ಹಾಗೆ ಬಿದ್ದಿರುತ್ತಿತ್ತು. ಆ ಫೋನಿಗೆ ಕರೆ ಜೋಡಿಸುತ್ತಿದ್ದವನು ಬಷೀರ್ ಎಂಬ ಆಪರೇಟರು. ಒಂದು ದಿನ ಬಷೀರ್ ಹೇಳಿದನಂತೆ, "ಹುಜೂರ್, ಗಾಡಿ ಕಳಿಸಿದ್ದಾರೆ." ಕೆಳಗೆ ಬಿಳೀ ಕಾರು ನಿಂತಿತ್ತು. ಅದು ಸೀದಾ ಜೈಲಿಗೆ ಹೋಯಿತು. ಎಷ್ಟೋ ವರ್ಷದ ಮೇಲೆ ಅದೇ ಫೋನು, ಅದೇ ಬಷೀರ್, ಅದೇ ಮಾತು, ಅಂಥದೇ ಬಿಳೀ ಕಾರು. ಆ ಸಲ ಅದು ಕ್ರಿಕೆಟ್ ಮಂಡಳಿಯ ಕುರ್ಚಿಗೆ ಹೋಯಿತು.

"ಒಳಗೆ ಕೂತ ಮೇಲೂ ಗೊತ್ತಾಗೋದಿಲ್ಲ ಬೆಹನ್‌ಜಿ," ಎಂದರು ಸಾಹೇಬರು. "ಚೌಕದಲ್ಲಿ ಬಲಕ್ಕೆ ತಿರುಗಿದರೆ ಕುರ್ಚಿ, ಎಡಕ್ಕೆ ತಿರುಗಿದರೆ ಜೈಲು."

ಒಂದೇ ಒಂದು ವ್ಯತ್ಯಾಸವಿತ್ತಂತೆ. ಜೈಲಿನ ದಿನ ಬಷೀರ್ ಮಾತಿನ ನಡುವೆ ಕೆಮ್ಮಿದ್ದ. ಬೀಡಿಯ ಕೆಮ್ಮು ಎಂದುಕೊಂಡು ಇವರು ಕೆಳಗಿಳಿದರು. ಜೈಲಿನಲ್ಲಿ ಯೋಚನೆಗೆ ಬಿಡುವು ಬಹಳ. ಹಿಂದಿನ ಬಾಗಿಲಿಂದ ಓಡಿಹೋಗು ಎಂದು ಪಾಪ ಅವನು ಕೆಮ್ಮಿನಲ್ಲಿ ಹೇಳಿದ್ದ ಎಂಬುದು ಅಲ್ಲಿ ಹೊಳೆಯಿತು. ಕುರ್ಚಿಯ ದಿನ ಅವನು ಕೆಮ್ಮಲಿಲ್ಲ. ಆಮೇಲೆ ಬಷೀರ್ ಸತ್ತ, ಸಾಹೇಬರೇ ಹೋಗಿ ಅವನ ಗೋರಿಗೆ ಮಣ್ಣು ಹಾಕಿ ಬಂದರು.

ನಾನು ಹೇಳುತ್ತಿರುವ ಚಳಿಗಾಲದಲ್ಲಿ ಅವರ ದೇಶದಲ್ಲಿ ಸರ್ಕಾರ ಬಿತ್ತು, ಇವರ ಕಡೆಯವರು ಮತ್ತೆ ಬರುತ್ತಾರೆಂಬ ಸುದ್ದಿ. ಸಾಹೇಬರು ಅಂಗಡಿಯಿಂದ ಇಸ್ತ್ರಿಯಾಗಿ ಬಂದಿದ್ದ ಕ್ರಿಕೆಟ್ ಮಂಡಳಿಯ ಹಸಿರು ಬ್ಲೇಜರನ್ನು ಪ್ಲಾಸ್ಟಿಕ್ ಹರಿದು ತೆಗೆದು, ತೊಟ್ಟು, ಆ ಕರಿ ಫೋನಿನ ಪಕ್ಕ ಕೂತರು. ಪಾಸ್‌ಪೋರ್ಟು ಒಳಜೇಬಿನಲ್ಲಿ. ಮುಂದಿನ ಸೋಮವಾರ ಅವರ ಹೃದಯದ ಆಪರೇಷನ್ ನಿಗದಿಯಾಗಿತ್ತು, ಇವರು ಹೂಂ ಅಂದಿರಲಿಲ್ಲ. ಕುರ್ಚಿ ಮತ್ತೆ ಬರುತ್ತದೆ, ಹೋಗಲೇಬೇಕು ಎಂದು ಹಟ. ಸಾದಿಯಾ ಅವರ ಮೊಬೈಲು ಬಚ್ಚಿಟ್ಟಳು. ನನ್ನನ್ನು ಅಡಿಗೆಮನೆಗೆ ಕರೆದು ಕೈ ಹಿಡಿದುಕೊಂಡಳು.

"ವಿಮಾನ ಹತ್ತಿದರೆ ಜೀವಂತ ಇಳಿಯಲ್ಲ ಅಂದಿದ್ದಾರೆ ಡಾಕ್ಟರು. ನನ್ನ ಮಾತು ಕೇಳಲ್ಲ ಖಾಲಾ. ಸೋಮವಾರದವರೆಗೆ ಹೇಗಾದರೂ ಹಿಡಿದಿಡಿ."

ಹಿಡಿದಿಡಲು ಅವರೇನು ಎಮ್ಮೆಯ ಕರುವೇ? ಆದರೂ ಹೂಂ ಅಂದೆ. ತಂತಿಯಿಲ್ಲದ ಫೋನಿನ ಮುಂದೆ ಯಾಕೆ ಕೂತಿದ್ದೀರಿ ಎಂದು ಸಾಹೇಬರನ್ನು ಕೇಳಿದೆ. ಸಾದಿಯಾ ಬಚ್ಚಿಟ್ಟ ಮೊಬೈಲಿಗೆ ತಂತಿ ಇತ್ತೇ ಎಂದು ತಿರುಗಿ ಕೇಳಿದರು. ಇಡೀ ದಿನ ಟಿವಿಯಲ್ಲಿ ಸದ್ದು ತೆಗೆದ ಕ್ರಿಕೆಟ್. ಬಾಯಿ ತೆರೆದು ಕೂಗುವವರು, ಕೈ ಎತ್ತಿ ಕುಣಿಯುವವರು, ಒಬ್ಬರಿಗೂ ದನಿಯಿಲ್ಲ. ನಡುನಡುವೆ ಎಲ್ಲಿಂದಲೋ ಟಿಣ್ ಎಂದು ಒಂದು ಸಣ್ಣ ಸದ್ದು. ಫ್ರಿಜ್ಜು ಎಂದುಕೊಂಡೆ. ಬುಧವಾರ ಧೂಳು ಒರೆಸುವಾಗ ಆ ಫೋನಿನ ರಿಸೀವರು ಕೈಗೆ ಬೆಚ್ಚಗೆ ತಾಗಿತು, ಈಗಷ್ಟೇ ಯಾರೋ ಕಿವಿಯಿಂದ ಇಳಿಸಿ ಇಟ್ಟ ಹಾಗೆ. ಮನೆಯ ಹೀಟರು ಎಂದುಕೊಂಡೆ. ಈ ದೇಶದಲ್ಲಿ ಎಲ್ಲದಕ್ಕೂ ಒಂದು ಮಷೀನು ಇರುವುದರಿಂದ ಯಾವುದನ್ನಾದರೂ ಯಾವುದರ ಮೇಲಾದರೂ ಹಾಕಿ ಸುಮ್ಮನಿರಬಹುದು.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ಕಿವಿಯ ಮಷೀನು ತೆಗೆದು ಬಟ್ಟಲಲ್ಲಿಟ್ಟು ಕೂತಲ್ಲೇ ನಿದ್ದೆಹೋದರು. ಹೊರಗೆ ಮಂಜು ಕಿಟಕಿಯವರೆಗೆ ಬಂದು ನಿಂತಿತ್ತು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಫೋನು ಬಾರಿಸಿತು.

ಟಿಣ್ ಅಲ್ಲ, ಪೂರಾ ಗಂಟೆ. ಮೇಜಿನ ಮೇಲಿನ ಚಹಾ ಕಪ್ಪು ತಟ್ಟೆಯಲ್ಲಿ ನಡುಗಿತು. ಬಗ್ಗಿ ನೋಡಿದೆ, ಕತ್ತರಿಸಿದ ತಂತಿ ಅಲ್ಲೇ ಬಿದ್ದಿತ್ತು. ಸಾಹೇಬರು ಬಾಯಿ ತೆರೆದುಕೊಂಡು ಮಲಗಿದ್ದರು. ಆ ಕರೆಗಾಗಿ ಬ್ಲೇಜರು ಹಾಕಿಕೊಂಡು ಕಾದ ಮನುಷ್ಯನಿಗೆ ಕೇಳಿಸಲಿಲ್ಲ, ಬೇಡವಾಗಿದ್ದ ನನಗೆ ಕೇಳಿಸಿತು. ಬೇರೆ ಯಾರಾದರೂ ಓಡುತ್ತಿದ್ದರೇನೋ. ನಾನು ಖಾನಾವಳಿಯವಳು, ಬಾರಿಸುವ ಫೋನನ್ನು ಹಾಗೇ ಬಿಟ್ಟು ನನಗೆ ರೂಢಿಯಿಲ್ಲ. ಕೈ ಒರೆಸಿಕೊಂಡು ಎತ್ತಿದೆ.

ಮೊದಲು ಮಾತಿರಲಿಲ್ಲ. ಒಂದು ದೊಡ್ಡ ಬಯಲಿನಲ್ಲಿ ಸಾವಿರ ಮಂದಿ ಉಸಿರು ಬಿಗಿಹಿಡಿದು ಕೂತಿದ್ದರೆ ಹೇಗಿರುತ್ತದೋ ಹಾಗೆ ಕೇಳಿಸಿತು. ಆಮೇಲೆ ಒಬ್ಬ ಗಂಡಸು, ಬಹಳ ಮರ್ಯಾದೆಯ ಉರ್ದುವಿನಲ್ಲಿ ಮಾತಾಡಿದ.

"ಹುಜೂರ್ ಇದ್ದಾರಾ? ಗಾಡಿ ಕಳಿಸಿದ್ದಾರೆ."

"ಯಾರು ಕಳಿಸ್ಯಾರ?"

ಬಯಲು ಇನ್ನಷ್ಟು ಸುಮ್ಮನಾಯಿತು.

"ಅವರು ಬರಂಗಿಲ್ಲ," ಎಂದೆ. "ಸೋಮವಾರ ಅವರಿಗೆ ಆಪರೇಷನ್ ಐತಿ. ನಿಮ್ಮ ಗಾಡಿ ಹೊಳ್ಳಿಸಿಕೋರಿ."

"ಖಾಲಿ ಗಾಡಿ ವಾಪಸ್ ಬರೋ ಪದ್ಧತಿ ಇಲ್ಲ, ಬೇಗಂ. ತಾವು ಯಾರು?"

ಇಲ್ಲಿ ನನ್ನ ಬುದ್ಧಿ ಕೆಟ್ಟಿತು. ಈ ದೇಶಕ್ಕೆ ಬಂದ ಮೇಲೆ ಆಸ್ಪತ್ರೆಯಲ್ಲಿ, ಔಷಧಿ ಅಂಗಡಿಯಲ್ಲಿ, ಹಲ್ಲಿನವರಲ್ಲಿ, ಫೋನು ಮಾಡಿದವರಲ್ಲಿ, ಎಲ್ಲರಲ್ಲೂ ಒಂದೇ ಪ್ರಶ್ನೆ. ಮಗಳು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದಾಳೆ. ಯಾರು ಎಂದು ಕೇಳಿದರೆ ಸಾಕು, ಹೆಸರು, ಹುಟ್ಟಿದ ತಾರೀಖು, ಮನೆ ವಿಳಾಸ ಮೂರೂ ಒಂದೇ ಉಸಿರಿಗೆ ನನ್ನ ಬಾಯಿಂದ ಬೀಳುತ್ತವೆ. ಬಿದ್ದವು.

"ಬರೆದುಕೊಂಡೆ," ಎಂದ ಅವನು. ಬಯಲು ಹೋಯಿತು. ಕಿವಿಯಲ್ಲಿ ಉಳಿದದ್ದು ಒಣ ಪ್ಲಾಸ್ಟಿಕ್ಕು.

ತಿರುಗಿದರೆ ಸಾಹೇಬರು ಎದ್ದು ಕೂತು ನನ್ನ ಕೈಯಲ್ಲಿದ್ದ ರಿಸೀವರನ್ನೇ ನೋಡುತ್ತಿದ್ದರು. ಮಷೀನು ಕಿವಿಗೆ ಸಿಕ್ಕಿಸಿಕೊಂಡು ಯಾರು ಎಂದರು. ನಿಮ್ಮ ಬಷೀರ್, ಗಾಡಿ ಕಳಿಸ್ಯಾರಂತ, ಎಂದೆ. ತಂತಿಯ ಕಡೆ ಅವರು ಕಣ್ಣೂ ಹಾಯಿಸಲಿಲ್ಲ. ಎದ್ದರು, ಬ್ಲೇಜರಿನ ಗುಂಡಿ ಹಾಕಿದರು, ಬಾಚಣಿಗೆ ಕೇಳಿದರು. ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. ಬಾಗಿಲವರೆಗೆ ಹೋದವರು ಚಿಲಕದ ಮೇಲೆ ಕೈಯಿಟ್ಟು ನಿಂತರು. ಆಚೆ ಮಂಜಿನಲ್ಲಿ ಒಂದು ಎಂಜಿನ್ನು ಗುರುಗುಟ್ಟುತ್ತಿತ್ತು. ಅದು ಪಾರ್ಸೆಲ್ಲಿನವನ ವ್ಯಾನೂ ಇರಬಹುದು, ಆ ಹೊತ್ತಿಗೆ ಅವನು ಬರುತ್ತಾನೆ.

"ಬೆಹನ್‌ಜಿ," ಎಂದರು ತಿರುಗದೆ, "ಅವನು ಕೆಮ್ಮಿದನಾ?"

ಕೆಮ್ಮಿರಲಿಲ್ಲ. ಈಗ ತೊಳೆದಿಟ್ಟ ಗಾಜಿನ ಲೋಟದ ಹಾಗಿತ್ತು ಅವನ ಗಂಟಲು. ಆ ಬಾಗಿಲಿಗೂ ಸೋಮವಾರಕ್ಕೂ ನಡುವೆ ಇದ್ದದ್ದು ನನ್ನ ಒಂದು ಮಾತು. ಅವರಿಗೆ ಬೇಕಾಗಿದ್ದ ಮಾತು ಯಾವುದು ಎಂದೂ ಗೊತ್ತಿತ್ತು.

"ಕೆಮ್ಮಿದ," ಎಂದೆ. "ಎರಡು ಸಲ. ಎರಡನೇದು ಭಾಳ ಜೋರು."

ಸಾಹೇಬರ ಕೈ ಚಿಲಕದಿಂದ ಜಾರಿತು. ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತು, ಒಂದೊಂದಾಗಿ ಗುಂಡಿ ಬಿಚ್ಚಿದರು. ಹೊರಗಿನ ಗುರುಗುಟ್ಟು ಸ್ವಲ್ಪ ಹೊತ್ತು ನಿಂತಿದ್ದು, ಇಳಿಜಾರಿನಲ್ಲಿ ಕರಗಿತು. ಬಷೀರ್ ಒಳ್ಳೆಯ ಮನುಷ್ಯ, ಸತ್ತ ಮೇಲೂ ನನ್ನ ಉಪ್ಪಿನ ಋಣ ಮರೆಯಲಿಲ್ಲ ಎಂದರು ಸಾಹೇಬರು. ಸತ್ತ ಮೇಲೂ ಡ್ಯೂಟಿಗೆ ಬರುವ ನೌಕರ ನನಗೆ ಒಬ್ಬನೂ ಸಿಗಲಿಲ್ಲ, ಬದುಕಿದ್ದಾಗಲೇ ಬರುತ್ತಿರಲಿಲ್ಲ ಎಂದೆ. ನಗಲಿಲ್ಲ. ಸಂಜೆ ಸಾದಿಯಾ ಬಂದಾಗ ಆಪರೇಷನ್ನಿಗೆ ಹೂಂ ಅಂದರು. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ನನ್ನ ಸೀರೆಯ ಸೆರಗು ಒದ್ದೆಯಾಯಿತು. ಸೋಮವಾರ ಎಲ್ಲ ಸುಸೂತ್ರವಾಯಿತು, ಸಾಹೇಬರು ಈಗಲೂ ಇದ್ದಾರೆ, ನನ್ನ ಜೋಳದ ರೊಟ್ಟಿ ತಿಂದು, ದಪ್ಪವಾಯಿತು ಎಂದು ಹೆಸರಿಡುತ್ತಾರೆ. ಕುರ್ಚಿ ಬೇರೆ ಯಾರಿಗೋ ಹೋಯಿತು.

ನನ್ನ ಕಷ್ಟ ಶುರುವಾದದ್ದು ಆ ಗುರುವಾರ ಸಂಜೆ, ಮನೆಗೆ ಬಂದು ಮಗಳಿಗೆ ಹೇಳಿದಾಗ. ಅವಳು ತಟ್ಟೆ ತೊಳೆಯುತ್ತಲೇ, ಕಿವಿ ಮಷೀನು ಯಾರದೋ ಫೋನಿಗೆ ಕನೆಕ್ಟ್ ಆಗಿರಬೇಕು ಎಂದಳು. ಮಷೀನು ಸಾಹೇಬರದು, ಅದು ಬಟ್ಟಲಲ್ಲಿತ್ತು, ನನಗೆಲ್ಲಿದೆ ಮಷೀನು ಎಂದೆ. ಅವಳು ನಲ್ಲಿ ನಿಲ್ಲಿಸಿದಳು.

"ಯವ್ವಾ, ನೀ ಅವನಿಗೆ ಅಡ್ರೆಸ್ಸೂ ಕೊಟ್ಟಿಯೇನು?"

ಕೊಟ್ಟೆ ಎಂದೆ. ಅವಳು ನಕ್ಕಳು. ಆದರೆ ಮಲಗಲು ಹೋಗುವಾಗ, ಎಂದೂ ಇಲ್ಲದವಳು ಮುಂಬಾಗಿಲ ಚಿಲಕ ಎರಡು ಸಲ ಎಳೆದು ನೋಡಿದಳು.

ಖಾಲಿ ವಾಪಸ್ ಹೋಗದ ಆ ಗಾಡಿ ಇನ್ನು ನನ್ನನ್ನು ಹುಡುಕಿ ಬಂದರೆ ಎಂದು ಹಾಸಿಗೆಯಲ್ಲಿ ಲೆಕ್ಕ ಹಾಕಿದೆ. ಹೆಸರು ಬಸವ್ವ. ವಿಜಾಪುರದಲ್ಲಿ ಕಲ್ಲೆಸೆದರೆ ಒಬ್ಬ ಬಸವ್ವನಿಗೆ ತಾಗುತ್ತದೆ, ಅದರಿಂದ ಯಾರನ್ನೂ ಹಿಡಿಯಲಾಗದು. ಹುಟ್ಟಿದ ತಾರೀಖು ಪಾಸ್‌ಪೋರ್ಟಿನ ಏಜೆಂಟನು ತನ್ನ ಅನುಕೂಲಕ್ಕೆ ಬರೆದ ಜನವರಿ ಒಂದು. ನಾನು ಹುಟ್ಟಿದ್ದು ಸಜ್ಜೆ ಕೊಯ್ಯುವಾಗ ಎಂದು ನಮ್ಮವ್ವ ಹೇಳುತ್ತಿದ್ದಳು. ಆ ತಾರೀಖು ಹಿಡಿದುಕೊಂಡು ಹೋದರೆ ಯಮನ ಕಚೇರಿಯಲ್ಲೂ ನನ್ನ ಕಡತ ಸಿಗುವುದಿಲ್ಲ. ಇಷ್ಟಕ್ಕೆ ಸಮಾಧಾನವಾಗಬೇಕಿತ್ತು. ಉಳಿದದ್ದು ಮನೆ ನಂಬರು. ಮಗಳು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದ್ದಕ್ಕೆ ಅದೊಂದನ್ನು ಮಾತ್ರ ನಾನು ಒಂದಂಕಿಯೂ ತಪ್ಪದೆ ಹೇಳಿದ್ದೆ.

ಮರುದಿನ ಬೆಳಿಗ್ಗೆ ಮಗಳು ಏಳುವ ಮೊದಲೇ ಗ್ಯಾರೇಜಿನಿಂದ ಸ್ಕ್ರೂಡ್ರೈವರು ತಂದು, ಮಂಜಿನಲ್ಲಿ ಸ್ಟೂಲು ಹಾಕಿ ಹತ್ತಿ, ಬಾಗಿಲ ಪಕ್ಕದ ಗೋಡೆಯ ಮೇಲಿದ್ದ ನಮ್ಮ ಮನೆಯ ನಂಬರಿನ ಅಂಕಿಗಳನ್ನೆಲ್ಲ ಬಿಚ್ಚಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ ತಳಕ್ಕೆ ಹುಗಿದಿಟ್ಟೆ.