ನಲವತ್ತನೆಯ ನಿವಾಸಿಯ ಕೆಮ್ಮು

ಸರ್ಕಾರಿ ಲಾಂಚ್ ಬರಬೇಕಾದರೆ ದ್ವೀಪದಲ್ಲಿ ಕನಿಷ್ಠ ನಲವತ್ತು ಮಂದಿ ನಿವಾಸಿಗಳಿರತಕ್ಕದ್ದು. ಇದು ದಕ್ಷಿಣ ಚಿಲಿಯ ಕಡಲಸಾರಿಗೆ ಕಚೇರಿಯ ನಿಯಮ. ತಲೆ ಎಣಿಸಲು ಕಚೇರಿಯವರು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬಂದು ಹಾಜರಿ ಕೂಗುತ್ತಿದ್ದರು. ಪಿಲ್ಕೆನ್ ದ್ವೀಪದಲ್ಲಿ ಲೆಕ್ಕ ಸರಿಯಾಗಿ ನಲವತ್ತೇ ಇತ್ತು. ಆದರೆ ಅಕ್ಟೋಬರ್ ಹಾಜರಿಗೆ ಎಂಟು ದಿನವಿರುವಾಗ ದೊನ್ ಬೆಲಾರ್ಮಿನೊ ಯಾರ ಪೂರ್ವಾನುಮತಿಯನ್ನೂ ಪಡೆಯದೆ ತೀರಿಕೊಂಡರು.

ದ್ವೀಪ ಸಮಿತಿಯ ಕಾರ್ಯದರ್ಶಿ ಅಬ್ದೋನ್ ಮಾನ್ಸಿಲ್ಯಾನಿಗೆ ಅಂದು ಊಟ ಸೇರಲಿಲ್ಲ. ಅವನ ಹೆಂಡತಿ ಓರ್ಫೆಲಿನಾಳ ಹೃದಯ ಗುರುವಾರದ ಲಾಂಚನ್ನು ನಂಬಿಕೊಂಡು ಬಡಿಯುತ್ತಿತ್ತು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ.

"ಏನ್ ಮುದುಕಾ, ಮಿಲ್ಕಾವೊ ಮುಟ್ಟೇ ಇಲ್ಲ?"

"ಒಬ್ಬ ಮನುಷ್ಯ ಕಮ್ಮಿ ಬಿದ್ದ ಕಣೇ."

"ಆಲೂಗಡ್ಡೆ ರೊಟ್ಟಿಯಾದ್ರೆ ಇನ್ನೊಂದು ತಟ್ಟಿಕೊಡ್ತಿದ್ದೆ. ಮನುಷ್ಯನ್ನ ಈ ವಯಸ್ಸಲ್ಲಿ ಎಲ್ಲಿಂದ ತರಲಿ?"

ಆಗಲೇ ಅಂಗಳದ ಅರಾಯಾನ್ ಮರದಿಂದ "ಫೀಯೋ" ಎಂಬ ಉತ್ತರ ಬಂತು. ಒಂದು ಹಿಡಿ ಬೂದುಬಣ್ಣದ ಹಕ್ಕಿ, ತಲೆಯ ಮೇಲೊಂದು ಬಿಳಿ ಜುಟ್ಟು. ಕೂಗೇ ಅದರ ಹೆಸರು. ಅಕ್ಟೋಬರ್ ಹೊತ್ತಿನ ಅಲ್ಲಿನ ವಸಂತಕ್ಕೆ ಬ್ರೆಜಿಲ್ ಕಾಡಿನಿಂದ ಬಂದು, ನೊಣ ಹಿಡಿದು ಸಂಸಾರ ಮಾಡಿ, ಮಾರ್ಚಿಗೆ ಹೊರಟುಬಿಡುವ ಪ್ರಾಣಿ.

ಅಬ್ದೋನ್ ಸುಳ್ಳು ಬರೆಯುವವನಲ್ಲ. ಹಕ್ಕಿ ಹುಟ್ಟಿದ್ದು ಅದೇ ಮರದಲ್ಲಿ. ಪಟ್ಟಿಯಲ್ಲಿದ್ದ ಅರ್ಧ ಜನ ಆಚೆ ದಡದ ಮೀನು ಕಾರ್ಖಾನೆಗಳಲ್ಲಿದ್ದು, ಊರಿಗೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಮತ್ತು ಹಾಜರಿಗೆ. ಇದಾದರೂ ವರ್ಷಕ್ಕೆ ಆರು ತಿಂಗಳು ನೆಟ್ಟಗೆ ಊರಲ್ಲಿರುತ್ತಿತ್ತು. ಅವನು ನಲವತ್ತನೆಯ ನಿವಾಸಿಯ ನಮೂನೆ ತುಂಬಿದ. ಹೆಸರು: ಫೀಯೋ. ತಂದೆಯ ಮನೆತನ: ಫೀಯೋ. ತಾಯಿಯ ಮನೆತನ: ಫೀಯೋ. ರೆಕ್ಕೆ ಇದೆಯೇ ಎಂಬ ಕಲಂ ಇರಲಿಲ್ಲ. ಕೇಳದ್ದನ್ನು ಹೇಳುವುದು ಸರ್ಕಾರಕ್ಕೆ ಅಗೌರವ.

ಮಂಗಳವಾರ ತನಿಖಾಧಿಕಾರಿ ಬಾರ್ರಿಯಾ ಬಂದು ಅಂಗಳದಲ್ಲಿ ಹಾಜರಿ ಕೂಗಿದರು. ಮೂವತ್ತೊಂಬತ್ತು ಜನ ಓಗೊಟ್ಟರು.

"ಫೀಯೋ ಫೀಯೋ ಫೀಯೋ! ಎಲ್ಲಿ ಇವರು?"

"ಮರದ ಮೇಲೆ ಕೆಲಸದಲ್ಲಿದ್ದಾರೆ, ಸ್ವಾಮಿ," ಎಂದ ಅಬ್ದೋನ್.

"ಇಳಿಯೋಕೆ ಹೇಳಿ."

"ನಾಚಿಕೆ ಸ್ವಭಾವ."

ಓರ್ಫೆಲಿನಾ ಎದೆ ಹಿಡಿದುಕೊಂಡಳು. ಮರ ಸುಮ್ಮನಿತ್ತು. ಬಾರ್ರಿಯಾ ಪೆನ್ನಿನ ತುದಿಯನ್ನು 'ಗೈರು' ಕಲಮಿನ ಹತ್ತಿರಕ್ಕೆ ತಂದರು. ಆಗ ಮರದಿಂದ ಕೇಳಿಸಿತು:

"ಫೀಯೋ!"

"ದನಿ ಸಣ್ಣದು," ಎಂದರು ಬಾರ್ರಿಯಾ.

"ತಿನ್ನೋದೇ ಅಷ್ಟು," ಎಂದಳು ಓರ್ಫೆಲಿನಾ.

ಹಾಜರಿ ಬಿತ್ತು. ಲಾಂಚ್ ಉಳಿಯಿತು.

ಮಾರ್ಚಿನಲ್ಲಿ ನಲವತ್ತನೆಯ ನಿವಾಸಿ ರಜೆ ಚೀಟಿಯನ್ನೂ ಕೊಡದೆ ಹಾರಿಹೋಯಿತು. ಏಪ್ರಿಲ್ ಹಾಜರಿಯ ದಿನ ಜಡಿಮಳೆ. ಅಬ್ದೋನ್ ತನ್ನ ಹೆಸರಿಗೆ ಓಗೊಟ್ಟವನೇ ಹೊಟ್ಟೆ ಸರಿಯಿಲ್ಲವೆಂದು ಮನೆಯ ಹಿಂದಕ್ಕೆ ಹೋಗಿ, ಅರವತ್ತೆಂಟರ ವಯಸ್ಸಿನಲ್ಲಿ ಮರ ಹತ್ತಿದ. ಕೊನೆಯ ಹೆಸರು ಬಂದಾಗ ಎಲೆಗಳ ನಡುವಿನಿಂದ ಕೇಳಿಸಿತು: "ಫೀಯೋ... ಖೊಕ್, ಖೊಕ್!"

ಬಾರ್ರಿಯಾ ಕತ್ತೆತ್ತಿದರು. ಎರಡು ರಬ್ಬರ್ ಬೂಟುಗಳು ನೇತಾಡುತ್ತಿದ್ದವು.

"ಇವರೂ ಬೂಟು ಹಾಕ್ತಾರಾ?"

"ಮಳೆಗಾಲ ಅಲ್ವಾ ಸ್ವಾಮಿ," ಎಂದಳು ಓರ್ಫೆಲಿನಾ.

"ದೊನ್ ಅಬ್ದೋನ್ ಬೂಟಿನ ಥರಾನೇ ಇದೆ."

"ಊರಿಗೆಲ್ಲ ಒಂದೇ ಅಂಗಡಿ."

ಸಮಾಧಾನಕರ ವಿವರಣೆ. ಹೊಸ ಸುತ್ತೋಲೆಯಂತೆ ಬಾರ್ರಿಯಾ ಅಂದೇ ಪ್ರತಿಯೊಬ್ಬರ ದನಿಯನ್ನೂ ಯಂತ್ರದಲ್ಲಿ ಮುದ್ರಿಸಿಕೊಂಡರು, ಮರದವರದ್ದೂ ಸೇರಿ. ಚಳಿಗಾಲದುದ್ದಕ್ಕೂ ಲಾಂಚ್ ಬಂತು. ಬಾರ್ರಿಯಾ ನಡುವೆ ಒಮ್ಮೆ ತನಿಖೆಗೆ ಬಂದಾಗ ಮರಕ್ಕೆ ಒರಗಿಸಿದ್ದ ಏಣಿಯನ್ನೂ ಹಿಡಿದುಕೊಂಡರಂತೆ, ಅದು ಯಾರಿಗೆಂದು ಕೇಳದೆ.

ಅಕ್ಟೋಬರಿನಲ್ಲಿ ಹಕ್ಕಿ ಮರಳಿತು. ಅಬ್ದೋನ್ ಏಣಿಯನ್ನು ಸೌದೆಮನೆಗೆ ಸೇರಿಸಿ ನಿಶ್ಚಿಂತೆಯಿಂದ ನೆಲದ ಮೇಲೆ ನಿಂತ. ಹೆಸರು ಕೂಗಿದ್ದೇ ತಡ, ಹಕ್ಕಿ ಕೊರಳೆತ್ತಿ "ಫೀಯೋ!" ಎಂದಿತು.

ಬಾರ್ರಿಯಾ ಯಂತ್ರ ಹಚ್ಚಿ ಮೂರು ಸಲ ತಾಳೆ ನೋಡಿದರು.

"ಇದು ಅವರ ದನಿಯಲ್ಲ. ಕೆಮ್ಮೇ ಇಲ್ಲ."

ಮರಕ್ಕೆ ನೋಟೀಸು ಬಡಿಯಲಾಯಿತು: "ಮಾನ್ಯ ನಿವಾಸಿಯವರ ಸೋಗಿನಲ್ಲಿ ಸದರಿ ಮರದಲ್ಲಿ ಅನಧಿಕೃತವಾಗಿ ವಾಸಿಸುತ್ತಿರುವ ಹಕ್ಕಿಯು ಹದಿನೈದು ದಿನಗಳೊಳಗೆ ತೆರವು ಮಾಡತಕ್ಕದ್ದು. ಅಷ್ಟರಲ್ಲಿ ಅಸಲಿ ನಿವಾಸಿಯು ಹಾಜರಾಗದಿದ್ದಲ್ಲಿ ಲಾಂಚನ್ನು ರದ್ದುಪಡಿಸಲಾಗುವುದು."

ಹದಿನೈದೂ ದಿನ ಬೆಳಗ್ಗೆ ಅಬ್ದೋನ್ ಮರ ಹತ್ತಿ ಹಕ್ಕಿಯ ಪಕ್ಕ ಕೂತು ಕೆಮ್ಮಿದ. ಹಕ್ಕಿ ಮೊದಮೊದಲು ಮುಖ ತಿರುಗಿಸಿತು. ಆಮೇಲೆ ಗೂಡು ಉಳಿಸಿಕೊಳ್ಳಬೇಕಾದ ಯಾವುದೇ ಗೃಹಸ್ಥನಂತೆ ಕಲಿತುಕೊಂಡಿತು. ಹದಿನಾರನೆಯ ದಿನ ಬಾರ್ರಿಯಾರ ಮುಂದೆ ಸ್ಪಷ್ಟವಾಗಿ ನುಡಿಯಿತು: "ಫೀಯೋ-ಖೊಕ್!"

"ಹಾಂ, ಇದು ಅಸಲಿ," ಎಂದು ಬಾರ್ರಿಯಾ ಸಹಿ ಹಾಕಿದರು. ಆ ವರ್ಷದ ಮರಿಗಳೂ ಕೆಮ್ಮುತ್ತಲೇ ಬೆಳೆದವು. ಬ್ರೆಜಿಲಿನವರು ಈಗ ಅದಕ್ಕೆ ಮದ್ದು ಹುಡುಕುತ್ತಿದ್ದಾರಂತೆ.

ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರು ಓರ್ಫೆಲಿನಾಳ ಎದೆ ಪರೀಕ್ಷಿಸಿ, ಜೊತೆಗೆ ಬಂದಿದ್ದ ಅಬ್ದೋನನ ಕೆಮ್ಮು ಕೇಳಿ ಔಷಧಿ ಚೀಟಿ ಬರೆದರು.

"ಬೇಡಿ ಡಾಕ್ಟ್ರೇ," ಎಂದಳು ಓರ್ಫೆಲಿನಾ. "ಏಪ್ರಿಲ್‌ನಿಂದ ಮರದ ಮೇಲೆ ಇವರ ಪಾಳಿ. ಕೆಮ್ಮು ಹೋದ್ರೆ ಲಾಂಚೂ ಹೋಗುತ್ತೆ."

ಡಾಕ್ಟರು ಆ ಚೀಟಿ ಹರಿದು ಇನ್ನೊಂದು ಬರೆದರು: "ಕೆಮ್ಮು. ದಿನಕ್ಕೆ ಎರಡು ಸಲ, ಊಟದ ನಂತರ."