ಬ್ಯಾಟರಿ ಕಾರಿನಲ್ಲಿ ಹೆಂಡತಿಯನ್ನು ಕರೆತರಲು ಹೋದದ್ದು

ಪೆಟ್ರೋಲ್ ಬೇಡ, ಗೇರ್ ಬೇಡ, ಹೊಗೆಯಿಲ್ಲ, ಸದ್ದಿಲ್ಲ ಎಂದು ಹೊಗಳಿ ಹೊಗಳಿ ಬೆಂಗಳೂರಿನವನೊಬ್ಬ ತನ್ನ ಹಳೇ ಬ್ಯಾಟರಿ ಕಾರನ್ನು ನನ್ನ ತಲೆಗೆ ಕಟ್ಟಿದ. ಕರೆಂಟು ಬೇಕು ಅಂತಲೂ ಹೇಳಿದ್ದನಪ್ಪ, ಸುಳ್ಳೇಕೆ. ಅರಸೀಕೆರೆಯಲ್ಲಿ ಕರೆಂಟು ಇದ್ದೇ ಇರುತ್ತದಲ್ಲ (ಆಗಾಗ) ಎಂದುಕೊಂಡೆ.

ನಮ್ಮ ಬಾಡಿಗೆ ಮನೆಯಲ್ಲಿ ಅಷ್ಟು ಕರೆಂಟು ಎಳೆಯುವ ದಪ್ಪ ಪಾಯಿಂಟ್ ಇರುವುದು ಒಂದೇ. ಅದೂ ಅಡುಗೆಮನೆಯಲ್ಲಿ, ಗ್ರೈಂಡರಿನ ಹಿಂದೆ. ಅಲ್ಲಿಂದ ಕಿಟಕಿ ಹಾಯಿಸಿ ಬೀದಿಗೆ ವೈರು ಎಳೆದೆ. ಕರೆಂಟು ಬಂದ ಹೊತ್ತಿಗೆ ನನ್ನ ಶ್ರೀಮತಿ ಬಿಂದುಶ್ರೀಗೆ ರುಬ್ಬಬೇಕು, ನನಗೆ ಚಾರ್ಜ್ ಮಾಡಬೇಕು. ಎರಡೂ ಹಾಕಿದರೆ ಫ್ಯೂಸ್ ಢಂ. ಜೊತೆಗೆ ಮಹಡಿಯ ಓನರ್ ಕಮಲಾಕ್ಷಮ್ಮನವರ ಟೀವಿಯೂ ಆರಿ, ಅವರು ಉರಿಯುತ್ತಾ ಕೆಳಗಿಳಿದು ಬರುತ್ತಾರೆ.

"ರೀ, ಇಡ್ಲಿ ಬೇಕಾ, ಕಾರು ಬೇಕಾ? ಒಂದು ಹೇಳಿ."

"ಎರಡೂ ಬೇಕು ಕಣೇ."

"ಹಾಗಾದ್ರೆ ಕಾರಿನ ಜೊತೆನೇ ಸಂಸಾರ ಮಾಡ್ಕೊಂಡಿರಿ. ದಸರಾ ರಜ ಇದೆ, ನಾನು ಅಮ್ಮನ ಮನೆಗೆ ಹೊರಟೆ."

"ಸಿಟ್ಯಾಕೆ? ತಡಿ, ಕಾರಲ್ಲೇ ಬಿಟ್ಟು ಬರ್ತೀನಿ."

"ಚಾರ್ಜ್ ಇದ್ಯಾ?"

ಇರಲಿಲ್ಲ. ಬಸ್ಸು ಹತ್ತಿ ಮಾದಿಹಳ್ಳಿಗೆ ಹೋಗಿಬಿಟ್ಟಳು.

ಮೊದಮೊದಲು ಪಾಯಿಂಟೆಲ್ಲ ನನ್ನದೇ ಎಂದು ಹಿಗ್ಗಿದೆ. ಆಮೇಲೆ ಬನ್ನು ತಿಂದು ತಿಂದು ನಾಲಿಗೆ ಕೆಟ್ಟಿತು. ಬೈಯುವವರಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ನಿಜ ಹೇಳುತ್ತೇನೆ, ಅಳುವೇ ಬಂತು. ಸೋಮವಾರ ಅವಳ ಸ್ಕೂಲು ಶುರು, ಅವಳು ಅಲ್ಲಿ ಟೀಚರು. ಅಷ್ಟರೊಳಗೆ ಪಟ್ಟದರಸಿಯನ್ನು ಪುಷ್ಪಕ ವಿಮಾನದಲ್ಲಿ ಕೂರಿಸಿ ಕರೆತಂದರೆ ಸಿಟ್ಟು ಇಳಿದೀತು ಎಂದು ಭಾನುವಾರ ಫುಲ್ ಚಾರ್ಜ್ ಮಾಡಿಕೊಂಡು ಹೊರಟೆ.

ಮಾದಿಹಳ್ಳಿ ಮುಟ್ಟುವಾಗ ಚಾರ್ಜಿನ ಮುಳ್ಳು ಕೆಳಗಿಳಿದಿತ್ತು. ಉಳಿದ ಚೂರುಪಾರು ಚಾರ್ಜನ್ನು, ಹೊಸ ವಾಹನ ಅಂದಮೇಲೆ ಒಂದೊಂದು ರೌಂಡ್ ಬೇಡವೇ ಎಂದು ಬಾಮೈದ ಸಂತು ಕೇರಿಯವರನ್ನೆಲ್ಲ ಕೂರಿಸಿಕೊಂಡು ಮುಗಿಸಿದ. ಇರಲಿ, ಕರೆಂಟು ಬಂದಾಗ ಹಾಕಿದರಾಯಿತು ಅಂದೆ.

ಕರೆಂಟು ಬಂತು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಗುರ್ ಅಂದವು. ನಾನೂ ಪ್ಲಗ್ ಸಿಕ್ಕಿಸಿದೆ. ಕೆರೆ ಏರಿ ಕಡೆಯಿಂದ ಢಮಾರ್ ಅಂತ ಸದ್ದು!

"ಟ್ರಾನ್ಸ್‌ಫಾರ್ಮರ್ ಹೋಯ್ತು! ದೊಡ್ಡಬೀರಪ್ಪನ ಅಳಿಯ ಊರ ಕರೆಂಟೆಲ್ಲ ಕಾರಿಗೆ ಕುಡಿಸ್ಬುಟ್ಟ ಕಣ್ಲಾ!" ಎಂದು ಊರೇ ತೀರ್ಮಾನ ಕೊಟ್ಟಿತು. ಪಂಪ್‌ಸೆಟ್ಟುಗಳ ಹೆಸರನ್ನು ಒಬ್ಬನಾದರೂ ಎತ್ತಬೇಡವೇ? ಬೇರೆ ಬರೋಕೆ ಎಷ್ಟು ದಿನವೋ ಗೊತ್ತಿಲ್ಲ ಅಂದ ಲೈನ್‌ಮನ್.

"ಟ್ರ್ಯಾಕ್ಟರಿಗೆ ಕಟ್ಟಿ ಅರಸೀಕೆರೆಗೆ ಎಳಿಸ್ತೀನಿ ಬುಡಿ," ಅಂದರು ಮಾವ ದೊಡ್ಡಬೀರಪ್ಪ.

ದಾರಿಯಲ್ಲಿ ಹಳೇಬೀಡಿನ ಜನರೆದುರು ಹಗ್ಗ ಬಿಗಿಸಿಕೊಂಡು ಮೆರವಣಿಗೆ ಹೋಗುವುದೇ? ಪ್ರಾಣ ಹೋದರೂ ಸೈ, ಬೇಡ ಅಂದೆ.

ಸೋಮವಾರ ಬೆಳಗ್ಗೆ ಬಿಂದುಶ್ರೀ ಬ್ಯಾಗು ಹಿಡಿದು ಮೊದಲ ಬಸ್ಸಿಗೆ ನಿಂತಳು. ನಾನೂ ಚಪ್ಪಲಿ ಮೆಟ್ಟಿದೆ.

"ನೀವೆಲ್ಲಿಗೆ? ಸಾಕಿದವರೇ ಕಾಯಬೇಕು. ಬಂದ್ರೆ ಕಾರಿನ ಜೊತೆಗೇ ಬನ್ನಿ."

"ನನ್ನ ಫೋಟೋ ಸ್ಟುಡಿಯೋ ಬಾಗಿಲು ಯಾರೇ ತೆಗೀತಾರೆ?"

"ತೆಗೆದಿದ್ದಾಗ ಯಾರು ಬರ್ತಿದ್ರು?"

ಬಸ್ಸು ಹೋಯಿತು. ಮೊದಲ ದಿನ ಅತ್ತೆ ಕೆಂಪಲಕ್ಷ್ಮಮ್ಮ ನಾಟಿ ಕೋಳಿ ಸಾರು ಮಾಡಿದರು. ಮಾರನೇ ದಿನ ಮುದ್ದೆ, ಉಪ್ಸಾರು. ಈ ಬೆಳಗ್ಗೆ ಹಾಲಿನ ಕ್ಯಾನು ಕೈಗಿಟ್ಟು, "ಸುಮ್ನೆ ಕುಂತಿದ್ದೀರಲ್ಲ, ಡೈರಿಗೆ ಹಾಕ್ಬುಟ್ಟು ಬನ್ನಿ. ಬಂದ್ಮೇಲೆ ಎಮ್ಮೆ ಮೈ ತೊಳೀವ್ರಂತೆ," ಅಂದರು.

ಹಾಲು ಹಾಕಿದವನೇ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಬಿಂದುಶ್ರೀಗೆ ಫೋನ್ ಮಾಡಿದೆ.

"ಲೇ, ಯಾವಾಗ ಬಂದು ಕರ್ಕೊಂಡು ಹೋಗ್ತೀಯೇ?"

"ಪುರುಸೊತ್ತಾದ್ರೆ ಭಾನುವಾರ ಬರ್ತೀನಿ ಕಣ್ರೀ. ಅಲ್ಲೀವರ್ಗೂ ಅಮ್ಮ ಹೇಳ್ದಂಗೆ ಕೇಳ್ಕೊಂಡು, ನಾಲ್ಕು ಜನ ಮೆಚ್ಚೋ ಹಾಗೆ ಇರಿ," ಎಂದಳು.