ಟೊಪ್ಪಿಗೆ ಸಾಹೇಬರು ಸತ್ತ ಸುದ್ದಿ

ಯಾರೋ ಸತ್ತ ಸುದ್ದಿ ಓದಿ ಒಳಗೊಳಗೇ ಸಂತೋಷಪಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಅದನ್ನು ಬಾಯಿಬಿಟ್ಟು ಒಪ್ಪಿಕೊಂಡವರನ್ನು ಮಾತ್ರ ನಾನು ಕಂಡಿಲ್ಲ. ಹಾಗಾಗಿ ನಾನೇ ಒಪ್ಪಿಕೊಂಡುಬಿಡುತ್ತೇನೆ. ಎಂಬತ್ತರ ದಶಕದ ಕೊನೆಯ ಒಂದು ಶನಿವಾರ, ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಇರಕಲ್ಲಗಡದ ಬಸ್ಸಿಗೆ ಕಾಯುತ್ತ ಮಿರ್ಚಿ ತಿನ್ನುತ್ತಿದ್ದಾಗ, ಒಬ್ಬರು ಸತ್ತರೆಂದು ಓದಿ ನನಗೆ ಹಾಯೆನಿಸಿತು. ಸತ್ತವರು ನನ್ನ ವೈರಿಯಲ್ಲ. ಅವರು ನನ್ನನ್ನು ನೋಡಿಯೂ ಇರಲಿಲ್ಲ. ಅವರ ಮೇಲೆ ನನಗಿದ್ದ ದೂರು ಒಂದೇ. ಪ್ರತಿ ರವಿವಾರ ಸಂಜೆ ಐದಕ್ಕೆ ಅವರು ನಮ್ಮ ಮನೆಯ ಟಿವಿಯಲ್ಲಿ ಬರುತ್ತಿದ್ದರು, ಅವರನ್ನು ನೋಡಲು ಇಡೀ ಓಣಿ ನಮ್ಮ ಮನೆಗೆ ಬರುತ್ತಿತ್ತು.

ಟಿವಿಯನ್ನು ನಾವು ಆಸೆಪಟ್ಟು ತಂದದ್ದೇನಲ್ಲ. ಶ್ರೀರಾಮನಗರದಲ್ಲಿ ಭತ್ತ ಬೆಳೆಯುವ ನನ್ನ ಹೆಂಡತಿಯ ತಮ್ಮ ಬಣ್ಣದ ಟಿವಿ ತಂದ ವರ್ಷ ತನ್ನ ಹಳೆಯ ಕಪ್ಪು-ಬಿಳುಪಿನದನ್ನು ಅಕ್ಕನಿಗೆ ದಯಪಾಲಿಸಿದ. ಎರಡು ಬಸ್ಸು ಬದಲಿಸಿ, ತೊಡೆ ಜೋಮು ಹಿಡಿಯುವ ತನಕ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಅದಕ್ಕೆ ಎಡಕ್ಕೂ ಬಲಕ್ಕೂ ಸರಿಯುವ ಕಟ್ಟಿಗೆಯ ಬಾಗಿಲುಗಳಿದ್ದವು. ಆಗ ನಮ್ಮ ಬಚ್ಚಲಿಗೇ ಬಾಗಿಲಿರಲಿಲ್ಲ, ಗೋಣಿತಟ್ಟು ಇಳಿಬಿಟ್ಟಿದ್ದೆವು. ಮಾಳಿಗೆಯ ಮೇಲೆ ಕೊಳವೆ ನಿಲ್ಲಿಸಿ ಆಂಟೆನಾ ಕಟ್ಟಿದೆವು. ಗಾಳಿ ಬೀಸಿ ಅದು ಕುಷ್ಟಗಿಯ ಕಡೆ ಮುಖ ಮಾಡಿತೆಂದರೆ ಚಿತ್ರ ಹೋಗಿ ಬರಿಯ ಸಪ್ಪಳ ಉಳಿಯುತ್ತಿತ್ತು. ಓಣಿಯಲ್ಲಿ ಅದೊಂದೇ ಟಿವಿ. ಒಂದೇ ಟಿವಿ ಇದ್ದ ಮನೆಯವರಿಗೆ ಆ ಕಾಲದಲ್ಲಿ ತಮ್ಮ ಮನೆಯಲ್ಲಿ ಕೂಡಲು ಜಾಗ ಸಿಗುತ್ತಿರಲಿಲ್ಲ ಎಂಬುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ.

ನಾನು ಹೇಳುತ್ತಿರುವುದು ಕಾಡುಪ್ರಾಣಿಗಳ ಕಾರ್ಯಕ್ರಮ. ದೊಡ್ಡ ಟೊಪ್ಪಿಗೆ ಹಾಕಿದ, ಮೊಣಕಾಲು ಕಾಣುವಂತೆ ಚಡ್ಡಿ ತೊಟ್ಟ ಬಿಳಿಯ ಮನುಷ್ಯರೊಬ್ಬರು ಅದನ್ನು ನಡೆಸಿಕೊಡುತ್ತಿದ್ದರು. ಹೆಬ್ಬಾವನ್ನು ಟವೆಲ್ಲಿನಂತೆ ಕೊರಳಿಗೆ ಹಾಕಿಕೊಳ್ಳುವರು, ಮೊಸಳೆಯ ಬಾಯಿ ಅಗಲಿಸಿ ಹಲ್ಲು ತೋರಿಸುವರು, ಇಷ್ಟೆಲ್ಲ ಮಾಡುತ್ತಲೇ ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಗುವರು. ಅವರ ಹೆಸರು ಶುರುವಿನಲ್ಲಿ ಬರುತ್ತಿತ್ತು. ಆಗ ಎಲ್ಲರೂ ಕೂಡುವ ಜಾಗಕ್ಕೆ ಜಗಳಾಡುತ್ತಿದ್ದುದರಿಂದ ಯಾರೂ ಅದನ್ನು ಓದಲಿಲ್ಲ. ಓಣಿಯವರು ತಾವೇ ‘ಟೊಪ್ಪಿಗಿ ಸಾಹೇಬ್ರು’ ಎಂದು ಹೆಸರಿಟ್ಟರು.

ಅವರು ಏನು ಹೇಳುತ್ತಾರೆಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ನಾನು ಇಂಗ್ಲಿಷ್ ಮಾಸ್ತರ. ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ್ದೆ. ಆದರೆ ಇಂಗ್ಲಿಷರು ಅದನ್ನು ಮಾತಾಡುವುದನ್ನು ಆ ತನಕ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ ಮೇಲೆ ತಿಳಿಯಿತು, ನಾನು ಕಲಿಸುತ್ತಿದ್ದುದು ಬೇರೆ ಯಾವುದೋ ಭಾಷೆ. ಅವರ ಮಾತಿನಲ್ಲಿ ನನಗೆ ಸಿಗುತ್ತಿದ್ದುದು ‘ವಾಟರ್’, ‘ವೆರಿ’, ‘ನೌ’, ಇಷ್ಟೇ. ನಲವತ್ತು ಜನ ನನ್ನ ಮುಖ ನೋಡುತ್ತಿರುವಾಗ ಮೂರು ಶಬ್ದಗಳಿಂದ ಮರ್ಯಾದೆ ಉಳಿಯುವುದಿಲ್ಲ. ಉಳಿದದ್ದನ್ನು ನಾನೇ ಕೂಡಿಸಿದೆ. ಆನೆ ಬಂದರೆ, ‘ಇದು ತಾಯಿ, ಮರಿ ಕಳಕೊಂಡೈತಿ ಅಂತಾರ.’ ಹುಲಿ ಬಂದರೆ, ‘ಮೂರು ದಿನದಿಂದ ಉಪವಾಸ ಐತಿ ಅಂತಾರ.’ ಜನ ನಿಟ್ಟುಸಿರು ಬಿಡುತ್ತಿದ್ದರು. ಸಾಲೆಯಲ್ಲಿ ನನ್ನ ಪಾಠಕ್ಕೆ ಯಾರೂ ಹಾಗೆ ನಿಟ್ಟುಸಿರು ಬಿಟ್ಟಿರಲಿಲ್ಲ. ಬಿಟ್ಟಿದ್ದರೂ ಕಾರಣ ಬೇರೆ.

ಒಂದು ರವಿವಾರ ಸಾಹೇಬರು ಕಾಡೆಮ್ಮೆಗಳ ನಡುವೆ ನಿಂತಿದ್ದರು. ಎದುರುಮನೆಯ ಗುರುಲಿಂಗವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಎಮ್ಮೆ ಕರು ಹಾಕಿ ವಾರವಾದರೂ ಸರಿಯಾಗಿ ಹಾಲಿಳಿಸುತ್ತಿರಲಿಲ್ಲ. ಆ ಎಮ್ಮೆಯೊಂದೇ ಅವಳ ಜೀವನ. ‘ಎಮ್ಮಿ ಬಗ್ಗೆ ಏನಂತಾರ ಕೇಳ್ರಿ ಮಾಸ್ತರ್ರ’ ಎಂದಳು, ನಾನು ಕೇಳಿದರೆ ಅವರು ಹೇಳುತ್ತಾರೆ ಎಂಬಂತೆ. ನಮ್ಮವ್ವ ಇಂಥ ಎಮ್ಮೆಗೆ ಮಾಡುತ್ತಿದ್ದ ಓಮದ ಗಂಜಿ ನೆನಪಾಯಿತು. ‘ಬೆಲ್ಲ, ಅಜಿವಾನ ಕುದಿಸಿ ಗಂಜ್ಯಾಗ ಹಾಕಿ ಕುಡಸ್ರಿ ಅಂತಾರ’ ಎಂದುಬಿಟ್ಟೆ. ನಾಲ್ಕು ದಿನಕ್ಕೆ ಎಮ್ಮೆ ಹಾಲಿಳಿಸಿತು. ಅಂದಿನಿಂದ ಗುರುಲಿಂಗವ್ವ ಟಿವಿಯ ಬಾಗಿಲು ಸರಿಸುವಾಗ ಸೆರಗು ಹೊದ್ದುಕೊಂಡು ಕೈಮುಗಿಯತೊಡಗಿದಳು. ಕೀರ್ತಿ ಸಾಹೇಬರಿಗೆ ಹೋಯಿತು, ನನಗೆ ವಾರಕ್ಕೊಂದು ರೋಗದ ಎಮ್ಮೆ, ಆಡು, ಎತ್ತುಗಳ ಪ್ರಶ್ನೆ ಉಳಿಯಿತು. ರವಿವಾರ ಬಂದರೆ ನನಗೆ ಚಳಿಜ್ವರ ಬರುವ ಹಾಗಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಾಳೆಯಲ್ಲಿ ಸಾಹೇಬರು ಕಂಡರು. ಅದೇ ಟೊಪ್ಪಿಗೆ, ಅದೇ ಹೆಬ್ಬಾವು. ಕೆಳಗೆ ಕನ್ನಡದಲ್ಲಿ, ಟಿವಿಯ ಖ್ಯಾತ ವನ್ಯಜೀವಿ ಕಾರ್ಯಕ್ರಮದವರು ತಮ್ಮ ಮನೆಯಲ್ಲಿ ನಿದ್ದೆಯಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು ಎಂದಿತ್ತು. ಎರಡು ಸಲ ಓದಿದೆ. ಇನ್ನು ರವಿವಾರ ಮಧ್ಯಾಹ್ನ ಮಲಗಿದರೆ ಸಂಜೆ ಏಳಬಹುದು ಎಂಬ ವಿಚಾರ ಮೊದಲು ಬಂತು. ಪಾಪ, ಒಳ್ಳೆಯ ಮನುಷ್ಯ, ಎಂಬುದು ಆಮೇಲೆ ಬಂತು. ಅದೇ ಹಾಳೆಯಿಂದ ಕೈಯ ಎಣ್ಣೆ ಒರೆಸಿಕೊಂಡು ಎಸೆದು ಬಸ್ಸು ಹತ್ತಿದೆ. ನನ್ನ ಬಳಿ ಇದ್ದ ಒಂದೇ ಒಂದು ಸಾಕ್ಷಿಯನ್ನು ಎಸೆದೆನೆಂದು ಆಗ ನನಗೆ ಹೊಳೆಯಲಿಲ್ಲ.

ಊರಿಗೆ ಬಂದವನೇ ಕಟ್ಟೆಯ ಮೇಲೆ ಕೂತವರಿಗೆ ಸುದ್ದಿ ಹೇಳಿದೆ. ಮುಖ ಆದಷ್ಟು ಸಣ್ಣದು ಮಾಡಿಕೊಂಡಿದ್ದೆ. ಕುರಿ ಸಾಕುವ ಫಕೀರಪ್ಪ ಬಾಯಲ್ಲಿದ್ದ ಬೀಡಿ ತೆಗೆದ.

‘ಯಾವ ಹಾವ್ರಿ?’

‘ಹಾವಲ್ಲೋ ಫಕೀರಪ್ಪಾ. ಮನಿಯಾಗ ಮಲಗಿದಲ್ಲೇ ಹಾರ್ಟ್ ನಿಂತೈತಿ.’

‘ಮಸಳಿ ಬಾಯಾಗ ಕೈ ಹಾಕಿದಾಂವ ಹಾಸಿಗ್ಯಾಗ ಸಾಯ್ತಾನನ್ರಿ? ಯಾರ ಮುಂದ ಹೇಳ್ತೀರಿ!’

ಅಲ್ಲಿಯ ತನಕ ವಾರವಾರ ನಾನು ಕಟ್ಟಿ ಹೇಳಿದ ಒಂದು ಮಾತನ್ನೂ ಯಾರೂ ಅನುಮಾನಿಸಿರಲಿಲ್ಲ. ಮೊದಲ ಸಲ ನಿಜ ಹೇಳಿದೆ, ಯಾರೂ ಒಪ್ಪಲಿಲ್ಲ. ಸತ್ತದ್ದನ್ನು ಒಪ್ಪಿದರು, ಹಾಸಿಗೆಯನ್ನು ಒಪ್ಪಲಿಲ್ಲ. ಹೆಬ್ಬಾವಿನ ಜೋಡಿ ಹುಡುಕಿಕೊಂಡು ಬಂದಿರಬೇಕು ಎಂದು ಒಬ್ಬರು, ಹುಲಿಯ ಫೋಟೋ ತೆಗೆಯಬಾರದಿತ್ತು ಎಂದು ಇನ್ನೊಬ್ಬರು ತೀರ್ಮಾನ ಕೊಟ್ಟರು. ನಾನು ವಾದಕ್ಕೆ ಹೋಗಲಿಲ್ಲ. ಹೇಗಾದರೂ ಸತ್ತಿರಲಿ, ನಾಳೆ ಯಾರೂ ಬರುವುದಿಲ್ಲವಲ್ಲ ಎಂದುಕೊಂಡು ಮನೆಗೆ ಬಂದೆ.

ರವಿವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲಲ್ಲಿ ಗುರುಲಿಂಗವ್ವ ನಿಂತಿದ್ದಳು. ಕಂಕುಳಲ್ಲಿ ಬಿಳಿ ಬಟ್ಟೆ ಕಟ್ಟಿದ ಬುಟ್ಟಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ಕಟ್ಟಿಕೊಂಡು ಹೋಗಿ ಮನೆಯವರನ್ನು ಮಾತಾಡಿಸಿ, ಉಣ್ಣಿಸಿ ಬರುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಝುಣಕ, ಮೊಸರು ಇತ್ತು. ನನ್ನ ಹೆಂಡತಿ ಶಾಂತಾ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು.

‘ಯಾಕ್ ಯವ್ವಾ, ಇದ್ಯಾಕ ತಂದಿ? ನಮ್ಮ ಮನ್ಯಾಗ ಯಾರೂ ಸತ್ತಿಲ್ಲ!’

‘ಹಂಗನಬ್ಯಾಡ ಮಗಳ’ ಎಂದಳು ಗುರುಲಿಂಗವ್ವ. ಕಣ್ಣು ಕೆಂಪಗಿದ್ದವು. ‘ವಾರವಾರ ಬರತಿದ್ದದ್ದು ನಿಮ್ಮ ಮನಿಗೆ. ಅವರ ಮಾತು ತಿಳೀತಿದ್ದದ್ದು ಮಾಸ್ತರ್ಗೆ ಒಬ್ಬರಿಗೇ. ಇವರನ್ನ ಬಿಟ್ಟು ಇನ್ಯಾರನ್ನ ಮಾತಾಡಸ್ಬೇಕು ಹೇಳು?’

ಹತ್ತು ಗಂಟೆಯೊಳಗೆ ಪಡಸಾಲೆಯಲ್ಲಿ ಹನ್ನೊಂದು ಬುಟ್ಟಿಗಳು ಸೇರಿದವು. ಗಂಡಸರು ಒಬ್ಬೊಬ್ಬರಾಗಿ ಬಂದು, ಸ್ವಲ್ಪ ಹೊತ್ತು ನೆಲ ನೋಡುತ್ತ ಕೂತು, ‘ಛಲೋ ಮನಷ್ಯಾ ಇದ್ದ ಬಿಡ್ರಿ’ ಎಂದು ಹೋದರು. ಅವರು ಎದುರಿಗಿರುವಾಗ ನಾನೂ ನೆಲ ನೋಡಬೇಕಾಯಿತು. ಶಾಂತಾ ಅಡುಗೆಮನೆಯಿಂದ ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಳು. ಏನೂ ಆಗದ ಮನೆಗೆ ಬುತ್ತಿ ಬರುವುದು ಕೆಟ್ಟ ಶಕುನ ಎಂಬುದು ಅವಳ ಸಿಟ್ಟು. ಆದರೂ ಮಧ್ಯಾಹ್ನ ನಾವು ಉಂಡೆವು. ಹನ್ನೊಂದು ಬಗೆಯ ಪಲ್ಯವಿತ್ತು. ಮನಸ್ಸಿಗೆ ಬಹಳ ಮುಜುಗರವಾಗಿ ಎರಡೆರಡು ಸಲ ಹಾಕಿಸಿಕೊಂಡೆ.

ಸಂಜೆಗೆ ಎಲ್ಲರೂ ಬುಟ್ಟಿ ಒಯ್ಯಲು ಬಂದರು. ಬಂದವರು ರೂಢಿಯಂತೆ ಕೂತರು. ಸತ್ತ ಮನೆಯಲ್ಲಿ ಟಿವಿ ಹಚ್ಚಬಾರದೆಂದು ನಾನೇ ಸೂಚಿಸಿದೆ. ಎಲ್ಲರೂ ಒಪ್ಪಿದರು. ಫಕೀರಪ್ಪ ಮಾತ್ರ, ‘ಮಣ್ಣು ಮಾಡಿದ್ದು ತೋರಿಸಬಹುದ್ರಿ, ನೋಡೂಣು’ ಎಂದ. ಅದು ಎಲ್ಲರಿಗೂ ಸರಿಯೆನಿಸಿತು. ಗುರುಲಿಂಗವ್ವ ಸೆರಗು ಹೊದ್ದು ಟಿವಿಯ ಬಾಗಿಲು ಸರಿಸಿದಳು.

ಟೊಪ್ಪಿಗೆ ಸಾಹೇಬರು ಆನೆಯ ಮೇಲೆ ಕೂತಿದ್ದರು. ನಮ್ಮ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ಗಟ್ಟಿಯಾಗಿ ನಕ್ಕರು.

ನಲವತ್ತು ಮುಖಗಳು ಟಿವಿಯಿಂದ ನನ್ನ ಕಡೆ ತಿರುಗಿದವು. ‘ಇದು ಮೊದಲ ತೆಗೆದಿಟ್ಟಿದ್ದು’ ಎಂದೆ. ‘ಯಾವಾಗೋ ತೆಗೀತಾರ, ಆಮ್ಯಾಲ ತೋರಸ್ತಾರ. ಈಗ ಅವರು ಇಲ್ಲ.’

‘ಇಲ್ಲಿ ಅದಾನಲ್ರಿ’ ಎಂದು ಫಕೀರಪ್ಪ ಬೆರಳು ಮಾಡಿ ತೋರಿಸಿದ. ‘ಸತ್ತಾಂವ ನಕ್ಕೋಂತ ಆನಿ ಮ್ಯಾಲ ಕುಂದರತಾನನ್ರಿ? ನಾವು ಮನಿಗೆ ಬರೂದು ಬ್ಯಾಡಂದ್ರ ಬ್ಯಾಡ ಅನ್ರಿ. ಅದಕ್ಕ ಜೀವಂತ ಮನಷ್ಯಾನ್ನ ಯಾಕ ಸಾಯಸ್ತೀರಿ?’

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಸಾಯಿಸಿದವನು ನಾನಲ್ಲ, ನಿಜ. ಆದರೆ ಬರುವುದು ಬೇಡವೆಂದದ್ದೂ ನಿಜವಲ್ಲವೆ? ಕೈ ಒರೆಸಿ ಎಸೆದ ಆ ಹಾಳೆ ನೆನಪಾಯಿತು. ಮಾಸ್ತರ ಸುಳ್ಳ ಎಂಬ ಹೆಸರು ಹೊತ್ತು ಇನ್ನು ಈ ಊರಿನಲ್ಲಿ ಹೇಗೆ ಸಾಲೆಗೆ ಹೋಗಲಿ ಎಂದು ಬೆವತೆ. ಅದಕ್ಕಿಂತ ಹೆಚ್ಚು ಕಸಿವಿಸಿಯಾದದ್ದು ಗುರುಲಿಂಗವ್ವನನ್ನು ನೋಡಿ. ಅವಳು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು.

‘ಇರಲಿ ಬಿಡ್ರೋ’ ಎಂದಳು. ‘ಸತ್ತಾರ ಅಂತ ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಗತೈತಿ. ಮಾಸ್ತರು ಛಲೋನ ಮಾಡ್ಯಾರ.’ ಆಮೇಲೆ ನನ್ನ ಕಡೆ ತಿರುಗಿ, ‘ಈಗ ಏನಂದ್ರು ಹೇಳ್ರಿ’ ಎಂದಳು.

ನಿಜ ಹೇಳಬೇಕೆಂದಿದ್ದರೆ ಅದೇ ಹೊತ್ತು. ಅವರು ಏನಂದರೆಂದು ನನಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ, ಬೆಲ್ಲ-ಅಜಿವಾನ ನಮ್ಮವ್ವನದು ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಇಷ್ಟು: ‘ಎಮ್ಮಿ ಹೆಂಗೈತಿ ಅಂತ ಕೇಳಾಕ್ಹತ್ಯಾರ.’

ಗುರುಲಿಂಗವ್ವ ಟಿವಿಯ ಕಡೆ ಸರಿದು ಕೂತಳು. ‘ಛಲೋ ಐತ್ರೀ ಸಾಹೇಬ್ರ’ ಎಂದಳು. ‘ಹೊತ್ತಿಗೆ ಎರಡು ಸೇರು ಕೊಡತೈತಿ.’

ಒಂದು ತಿಂಗಳು ಕಳೆದ ಮೇಲೆ ಆ ಕಾರ್ಯಕ್ರಮ ನಿಂತುಹೋಯಿತು. ಸಾಹೇಬರು ಊರಿಗೆ ಹೋಗಿದ್ದಾರೆ ಎಂದು ಹೇಳಿದೆ. ಅದನ್ನು ಎಲ್ಲರೂ ಕೂಡಲೇ ನಂಬಿದರು. ಮೆಲ್ಲಗೆ ಜನ ಬರುವುದು ಕಡಿಮೆಯಾಯಿತು. ನಾನು ಬಯಸಿದ ರವಿವಾರ ಕೊನೆಗೂ ನನ್ನ ಕೈಗೆ ಬಂತು. ಮಲಗಿದೆ, ನಿದ್ದೆ ಬರಲಿಲ್ಲ. ಪಡಸಾಲೆ ಇಷ್ಟು ದೊಡ್ಡದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಂಥ ಒಂದು ರವಿವಾರ ಸಂಜೆ ಗುರುಲಿಂಗವ್ವ ಮೊಸರಿನ ಗಡಿಗೆ ಹಿಡಿದು ಬಾಗಿಲಲ್ಲಿ ಇಣುಕಿದಳು. ‘ಬಂದ್ರೇನ್ರಿ?’

‘ಇನ್ನೂ ಇಲ್ಲ ಯವ್ವಾ.’

‘ಬರತಾರ ತಗೋರಿ’ ಎಂದು ಗೋಡೆಗೆ ಒರಗಿ ಕೂತಳು. ನಾನೂ ಈ ಕಡೆಯ ಗೋಡೆಗೆ ಒರಗಿದೆ. ಕೂತ ಇಬ್ಬರಲ್ಲಿ ಒಬ್ಬನಿಗೆ ಸಾಹೇಬರು ಸತ್ತದ್ದು ಚೆನ್ನಾಗಿ ಗೊತ್ತಿತ್ತು. ಆದರೂ ಗಡಿಯಾರ ಐದು ಹೊಡೆದಾಗ ಎದ್ದು ಹೋಗಿ ಟಿವಿ ಹಚ್ಚಿದವನು ಅವನೇ.